ಪಿಜಿಗೆ ಸೇರಿದರೆ ಓದು ಹಾಳಾಗುತ್ತದೆಯೇ? ಹಾಸ್ಟೆಲ್ ಮಾತ್ರ ಸುರಕ್ಷಿತವೇ? ವಾಸ್ತವ ಇಲ್ಲಿದೆ

ಪಿಯುಸಿ ಫಲಿತಾಂಶ ಬಂದು ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ಕುಟುಂಬದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಕೆಲವು ಮಾತುಗಳು ಓಡಾಡತೊಡಗುತ್ತವೆ. ‘ಹಾಸ್ಟೆಲ್‌ನಲ್ಲಿದ್ದವರು ಚೆನ್ನಾಗಿ ಓದುತ್ತಾರೆ, ಪಿಜಿಗೆ ಸೇರಿದವರು ಹಾಳಾಗುತ್ತಾರೆ. ಪಿಜಿಗೆ ಜಿಎಸ್‌ಟಿ ಬೇರೆ ಕಟ್ಟಬೇಕು. ಕಾಲೇಜಿನ ಹೊರಗೆ ರ‍್ಯಾಗಿಂಗ್ ಆದರೆ ಕೇಳುವವರಿಲ್ಲ.’ ಇದನ್ನೇ ನಂಬಿ, ಹಾಸ್ಟೆಲ್ ಸೀಟು ಸಿಗದ ಮಗಳನ್ನು ಬೆಂಗಳೂರಿಗೋ ಮೈಸೂರಿಗೋ ಕಳುಹಿಸದೆ, ಅವಳು ಬಯಸಿದ ಕೋರ್ಸನ್ನೇ ಬಿಡಿಸುವ ಮನೆಗಳಿವೆ. ಹಾಗಾಗಿ ಈ ಮಾತುಗಳಲ್ಲಿ ಎಷ್ಟು ನಿಜವಿದೆ ಎಂದು ಒಂದೊಂದಾಗಿ ಪರಿಶೀಲಿಸೋಣ.

ಹಾಸ್ಟೆಲ್‌ನಲ್ಲಿದ್ದರೆ ಹೆಚ್ಚು ಅಂಕ ಬರುತ್ತದೆಯೇ?

ಹಾಗೆಂದು ಖಚಿತವಾಗಿ ಹೇಳಲಾಗದು. ನಮ್ಮಲ್ಲಿ ಅನೇಕ ಹಾಸ್ಟೆಲ್‌ಗಳಲ್ಲಿ ಸೀಟು ಹಂಚುವಾಗ ಅಂಕವನ್ನೂ ನೋಡುತ್ತಾರೆ. ಅಂದರೆ ಚೆನ್ನಾಗಿ ಓದುವವರೇ ಅಲ್ಲಿಗೆ ಹೋಗಿರುತ್ತಾರೆ. ಆಮೇಲೆ ಅವರ ಅಂಕ ನೋಡಿ ‘ಹಾಸ್ಟೆಲ್‌ನಿಂದಲೇ ಬಂತು’ ಎನ್ನುವುದು ಸರಿಯಲ್ಲ.

ಹಾಗಾದರೆ ವಸತಿಯ ಪ್ರಭಾವವೇ ಇಲ್ಲವೇ? ಇದೆ. ಆದರೆ ಅದು ಕಟ್ಟಡಕ್ಕಿಂತ ಹೆಚ್ಚಾಗಿ ರೂಮ್‌ಮೇಟ್‌ನಿಂದ ಬರುತ್ತದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳಿಗೆ ಬಹುಮಟ್ಟಿಗೆ ಲಾಟರಿ ಎತ್ತಿದಂತೆ ರೂಮ್ ಹಂಚಲಾಗುತ್ತಿತ್ತು. ಅರ್ಥಶಾಸ್ತ್ರಜ್ಞ ಬ್ರೂಸ್ ಸಸರ್ಡೋಟ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರ ಅಂಕದ ಮೇಲೆ ರೂಮ್‌ಮೇಟ್‌ನ ಪ್ರಭಾವ ಇರುವುದು ಕಂಡುಬಂತು. ಕೆಂಟಕಿಯ ಬೆರಿಯಾ ಕಾಲೇಜಿನ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರೂಮ್‌ಮೇಟ್ ವಿಡಿಯೊ ಗೇಮ್ ತಂದಿದ್ದರೆ ಆ ರೂಮಿನ ಇನ್ನೊಬ್ಬರು ದಿನಕ್ಕೆ ಸುಮಾರು 40 ನಿಮಿಷ ಕಡಿಮೆ ಓದುತ್ತಿದ್ದರು, ಅವರ ಅಂಕವೂ ಇಳಿದಿತ್ತು. ಗಮನಿಸಿ, ಇವೆರಡೂ ನಡೆದದ್ದು ಕಾಲೇಜಿನ ಹಾಸ್ಟೆಲ್‌ಗಳಲ್ಲೇ.

ಪಿಜಿಗೆ ಜಿಎಸ್‌ಟಿ ಕಟ್ಟಬೇಕೇ?

ಈ ಮಾತಿಗೆ ಹಿನ್ನೆಲೆ ಇದೆ. ಹಾಸ್ಟೆಲ್ ಹಾಗೂ ಪಿಜಿ ಬಾಡಿಗೆಗೆ ಶೇ. 12ರಷ್ಟು ಜಿಎಸ್‌ಟಿ ಅನ್ವಯಿಸುತ್ತದೆ ಎಂದು 2023ರ ಜುಲೈನಲ್ಲಿ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರದ ಕರ್ನಾಟಕ ಪೀಠ ಹೇಳಿತ್ತು. ಆದರೆ 2024ರ ಜೂನ್ 22ರಂದು ನಡೆದ 53ನೇ ಜಿಎಸ್‌ಟಿ ಮಂಡಳಿ ಸಭೆ ವಿನಾಯಿತಿಗೆ ಶಿಫಾರಸು ಮಾಡಿತು, ಅದು ಜುಲೈ 15ರಿಂದ ಜಾರಿಗೆ ಬಂತು. ಇದರಂತೆ ಒಬ್ಬರಿಗೆ ತಿಂಗಳಿಗೆ ₹20,000ದವರೆಗಿನ ಬಾಡಿಗೆಗೆ, ಕನಿಷ್ಠ 90 ದಿನ ಸತತವಾಗಿ ಉಳಿದರೆ, ಜಿಎಸ್‌ಟಿ ಇಲ್ಲ. ಕಾಲೇಜು ವಿದ್ಯಾರ್ಥಿಗಳು ಸಾಮಾನ್ಯವಾಗಿ ಇದರೊಳಗೇ ಬರುತ್ತಾರೆ.

ಹೊರಗೆ ರ‍್ಯಾಗಿಂಗ್ ಆದರೆ ಕೇಳುವವರಿಲ್ಲವೇ?

ಇದೂ ತಪ್ಪು. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳು ಕಾಲೇಜು ಗೇಟಿಗೇ ನಿಲ್ಲುವುದಿಲ್ಲ. ಕ್ಯಾಂಪಸ್ ಹೊರಗಿರುವ ಸಂಸ್ಥೆಯ ಜಾಗಗಳು, ವಿದ್ಯಾರ್ಥಿಗಳು ಓಡಾಡುವ ಖಾಸಗಿ ಹಾಗೂ ಸಾರ್ವಜನಿಕ ವಾಹನಗಳನ್ನೂ ಅವು ಒಳಗೊಳ್ಳುತ್ತವೆ. ಪಿಜಿಯಲ್ಲಿರುವ ವಿದ್ಯಾರ್ಥಿಯೂ 1800-180-5522 ಸಹಾಯವಾಣಿಗೆ ಕರೆ ಮಾಡಬಹುದು. ಹಾಸ್ಟೆಲ್‌ಗಳಲ್ಲೂ ರ‍್ಯಾಗಿಂಗ್ ನಡೆಯುತ್ತದೆ ಎಂಬುದನ್ನು ಮರೆಯಬಾರದು.

ಹಾಸ್ಟೆಲ್ ಸೀಟು ಸಿಗದಿದ್ದರೆ?

ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳಿಗೆ ‘ವಿದ್ಯಾಸಿರಿ’ ಯೋಜನೆಯಡಿ ಊಟ ಮತ್ತು ವಸತಿಗೆ ನೆರವು ಇದೆ. ತಿಂಗಳಿಗೆ ₹1,500ರಂತೆ 10 ತಿಂಗಳು ಕೊಡುವ ಯೋಜನೆಯಾಗಿ ಇದು ಶುರುವಾಯಿತು. ಕುಟುಂಬದ ಆದಾಯ ಮಿತಿಯ ಷರತ್ತು ಇರುತ್ತದೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಕೊನೆಯ ದಿನಾಂಕ ತಪ್ಪಿಸಿಕೊಳ್ಳಬೇಡಿ.

ಸೇರಿಸುವ ಮೊದಲು ಏನು ನೋಡಬೇಕು?

ಹಾಸ್ಟೆಲ್ ಆಗಲಿ, ಪಿಜಿ ಆಗಲಿ, ಒಮ್ಮೆ ಹೋಗಿ ನೋಡಿ. ಒಂದು ರೂಮಿನಲ್ಲಿ ಎಷ್ಟು ಜನ, ಓದಲು ಟೇಬಲ್ ಇದೆಯೇ ಎಂದು ಗಮನಿಸಿ. ಈಗಾಗಲೇ ಅಲ್ಲಿರುವ ಮಕ್ಕಳನ್ನು ಮಾತನಾಡಿಸಿ, ಊಟ, ನೀರು, ರಾತ್ರಿ ಗೇಟಿನ ವಿಷಯ ಅವರೇ ಹೇಳುತ್ತಾರೆ. ಬಾಡಿಗೆಯ ಜೊತೆ ದಿನದ ಬಸ್ ಖರ್ಚು, ಸಮಯ ಎರಡನ್ನೂ ಲೆಕ್ಕ ಹಾಕಿ. ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮಕ್ಕಳಿಗೆ ಹೊಂದಿಕೆಯಾಗದಿದ್ದರೆ ರೂಮ್ ಬದಲಿಸಲು ಅವಕಾಶವಿದೆಯೇ ಎಂದೂ ಕೇಳಿ.

ಒಟ್ಟಾರೆಯಾಗಿ ಹೇಳುವುದಾದರೆ, ಪಿಜಿಗೆ ಸೇರಿದವರೆಲ್ಲ ಹಾಳಾಗುತ್ತಾರೆ ಎಂಬುದಕ್ಕೆ ಆಧಾರವಿಲ್ಲ, ಹಾಸ್ಟೆಲ್ ಎಂಬ ಹೆಸರೇ ಸುರಕ್ಷತೆಯ ಗ್ಯಾರಂಟಿಯೂ ಅಲ್ಲ. ಇಂಥ ಮೆಸೇಜ್ ಮತ್ತೆ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಯೋಚಿಸಿ: ಅದನ್ನು ಓದಿ ಯಾವುದೋ ಮನೆಯಲ್ಲಿ ಒಂದು ಮಗುವಿನ ಕಾಲೇಜೇ ನಿಂತುಹೋಗಬಹುದು.