ಛತ್ರದ ಬಾಳೆಕಂಬ, ಅಜ್ಜಿಯ ನಾರು

ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತ ಕೂತ ಹೂವಿನವರಲ್ಲಿ ಹೆಚ್ಚಿನವರ ಮಡಿಲಲ್ಲಿ ಬಿಳಿ ನೂಲಿನ ಉಂಡೆ ಇರುತ್ತದೆ. ಒಬ್ಬ ಅಜ್ಜಿಯ ಪಕ್ಕದಲ್ಲಿ ಮಾತ್ರ ನೀರಿನ ಚೊಂಬು, ಅದರೊಳಗೆ ನೆನೆಯುತ್ತಿರುವ ಬಾಳೆನಾರು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ ಇಟ್ಟು, ನಾರನ್ನು ಒಂದು ಸುತ್ತು ತಂದು ಕುಣಿಕೆ ಎಳೆಯುತ್ತಾರೆ. ಕಣ್ಣು ಹೂವಿನ ಮೇಲಿರುವುದಿಲ್ಲ, ಚೌಕಾಸಿಗೆ ನಿಂತ ಗಿರಾಕಿಯ ಮೇಲಿರುತ್ತದೆ.

“ದಾರದಲ್ಲಿ ಕಟ್ಟಿದ್ರೆ ತೊಟ್ಟು ಕುಯ್ಕೊಂಡ್ ಹೋಗತ್ತೆ ಕಣಮ್ಮ. ನಾರು ಹಿಡ್ಕೊಳ್ಳತ್ತೆ ಅಷ್ಟೆ, ಕುಯ್ಯಲ್ಲ.”

ನಾರು ಚಪ್ಪಟೆಯಾಗಿರುತ್ತದೆ, ಒದ್ದೆಯಾಗಿರುತ್ತದೆ. ಮಲ್ಲಿಗೆಯ ತೊಟ್ಟಿಗೆ ಬೇಕಾದದ್ದೂ ಅದೇ. ಉಡುಪಿ ಮಲ್ಲಿಗೆಯನ್ನು ಇಂದಿಗೂ ಬಾಳೆನಾರಿನಲ್ಲೇ ಕಟ್ಟುತ್ತಾರೆ. ಅಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮ ಕಡೆ ಮೊಳ, ಮಾರು. ಆದರೆ ನಾರಿಗೊಂದು ತೊಡಕಿದೆ: ನೂಲು ಉಂಡೆಯಿಂದ ಬರುತ್ತಲೇ ಇರುತ್ತದೆ, ನಾರು ಗಿಡ ಬೆಳೆದಷ್ಟೇ ಉದ್ದ. ಒಂದು ಎಳೆ ಮುಗಿಯುವ ಮೊದಲೇ ಅಜ್ಜಿ ಹೊಸ ಎಳೆಯ ತುದಿಯನ್ನು ಅದರ ಮಗ್ಗುಲಿಗೆ ಸೇರಿಸಿ, ಎರಡನ್ನೂ ಒಟ್ಟಿಗೇ ಹಿಡಿದು ಮೂರ್ನಾಲ್ಕು ಕುಣಿಕೆ ಹಾಕುತ್ತಾರೆ. ಗಂಟು ಇಲ್ಲವೇ ಇಲ್ಲ. ಜೋಡಣೆ ಎಲ್ಲಿದೆ ಎಂದು ಒಂದು ಮಾರು ಹೂವನ್ನು ತಿರುವಿ ತಿರುವಿ ನೋಡಿದರೂ ನನಗೆ ಸಿಗಲಿಲ್ಲ.

ನಾರು ಕೆ.ಆರ್. ಮಾರ್ಕೆಟ್ಟಿನಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ. ಈ ಅಜ್ಜಿ ಕೊಳ್ಳುವುದಿಲ್ಲ, ಆರಿಸಿ ತರುತ್ತಾರೆ. ಜಯನಗರ, ಬನಶಂಕರಿ, ಜೆ.ಪಿ. ನಗರದ ಕಲ್ಯಾಣ ಮಂಟಪಗಳೇ ಅವರ ತೋಪು. ಮದುವೆಗೆಂದು ಬಾಗಿಲಿಗೆ ಕಟ್ಟುವ ಗೊನೆ ಬಿಟ್ಟ ಬಾಳೆಕಂಬ ಮರುದಿನಕ್ಕೆ ಕಸ. ಕ್ಯಾಲೆಂಡರಿನಲ್ಲಿ ಮುಹೂರ್ತ ನೋಡಿಟ್ಟುಕೊಂಡು, ಪಾಲಿಕೆ ಲಾರಿ ಬರುವ ಮೊದಲೇ ಛತ್ರದ ಮುಂದೆ ನಿಂತಿರುತ್ತಾರೆ. ಆಯುಧಪೂಜೆಯ ಮಾರನೇ ದಿನ ಬೀದಿ ತುಂಬ ಬಿದ್ದಿರುವ ಎಳೆ ಕಂದುಗಳನ್ನು ಮುಟ್ಟುವುದೂ ಇಲ್ಲ. “ಅದು ಎಳೇದು, ಎಳೆದ್ರೆ ಕಿತ್ಹೋಗತ್ತೆ.” ಆಷಾಢದಲ್ಲಿ ಮದುವೆ ಇಲ್ಲ, ಆದ್ದರಿಂದ ನಾರೂ ಇಲ್ಲ. ಅದು ಕಳೆದ ಕೂಡಲೇ ಶ್ರಾವಣ, ವರಮಹಾಲಕ್ಷ್ಮಿ ಹಬ್ಬ, ವರ್ಷದ ದೊಡ್ಡ ವ್ಯಾಪಾರ. ಹಾಗಾಗಿ ವೈಶಾಖದ ಮದುವೆಗಳಲ್ಲೇ ಶ್ರಾವಣದ ನಾರು ಕೂಡಿಡಬೇಕು.

ಕಂಬದ ಹೊರಗಿನ ಒಣಗಿ ಹರಿದ ಪಟ್ಟೆಗಳನ್ನು ಬಿಸಾಡಿ, ಒಳಗಿನ ನಾಲ್ಕೈದು ಹಸಿರು ಪಟ್ಟೆ ಸುಲಿಯುತ್ತಾರೆ. ಬೆರಳಗಲಕ್ಕೆ ಸೀಳಿ, ಒಳಮೈಯ ಮೆತ್ತನೆ ತಿರುಳನ್ನು ಚಾಕುವಿನ ಬೆನ್ನಿನಿಂದ ಹೆರೆದು, ಮನೆಯ ಮಾಳಿಗೆಯ ತಂತಿಗೆ ನೇತುಹಾಕುತ್ತಾರೆ. ಬಾಳೆ ಕರೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಈ ಕೆಲಸಕ್ಕೆಂದೇ ಒಂದು ಹಳೇ ಸೀರೆ ಇದೆ, ಅದರ ಮೂಲ ಬಣ್ಣ ಈಗ ಯಾರಿಗೂ ನೆನಪಿಲ್ಲ. ಒಣಗಿದ್ದನ್ನು ಬೇಕಾದಾಗ ನೆನೆಸಿ, ಹೆಬ್ಬೆರಳ ಉಗುರಿನಿಂದ ಎಳೆ ಎಳೆಯಾಗಿ ಸೀಳುವುದು.

ಬಾಳೆ ಒಮ್ಮೆ ಗೊನೆ ಕೊಟ್ಟರೆ ಆ ಕಂಬದ ಆಯುಷ್ಯ ಮುಗಿಯಿತು. ಕಡಿಯಲೇಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಬಾಳೆ ಬೆಳೆಯುವ ದೇಶ ನಮ್ಮದು, ಅಂದಮೇಲೆ ನಾವು ಕೊಳೆಸುವ ನಾರು ಎಷ್ಟಿರಬೇಕು! ಜಪಾನಿನ ಓಕಿನಾವಾ ದ್ವೀಪದ ಕಿಜೋಕ ಎಂಬಲ್ಲಿ ನಾರಿಗೆಂದೇ ಬೆಳೆದ ಬಾಳೆಯ ಪಟ್ಟೆಯನ್ನು ಬೂದಿನೀರಲ್ಲಿ ಬೇಯಿಸಿ, ಹೆರೆದು, ಎಳೆಗೆ ಎಳೆ ಗಂಟುಹಾಕಿ ಬಟ್ಟೆ ನೇಯುತ್ತಾರೆ. ಬಾಶೋಫು ಎನ್ನುವ ಆ ಬಟ್ಟೆ ಒಂದು ಕಿಮೋನೋಗೆ ಆಗುವಷ್ಟು ಬೇಕೆಂದರೆ ಸುಮಾರು 200 ಗಿಡ ಬೇಕಂತೆ. 1974ರಲ್ಲಿ ಜಪಾನ್ ಸರ್ಕಾರ ಅದನ್ನು ಸಾಂಸ್ಕೃತಿಕ ಆಸ್ತಿಯೆಂದು ಸಾರಿತು. ನಮ್ಮಲ್ಲೂ ಚೆನ್ನೈ ಹತ್ತಿರದ ಅನಕಾಪುತ್ತೂರಿನ ನೇಕಾರರು ಬಾಳೆನಾರಿನ ಸೀರೆ ನೇಯುತ್ತಾರೆ. ಇದನ್ನು ಹೇಳಿದಾಗ ಅಜ್ಜಿ ನಂಬಲಿಲ್ಲ. “ಇದ್ನ ಉಟ್ಕೊಂಡ್ರೆ ಕೆರೆಯಲ್ವಾ?”

ಮಂಗಳವಾರ, ಶುಕ್ರವಾರ ಅವರು ಬನಶಂಕರಿ ದೇವಸ್ಥಾನದ ಮುಂದೆ, ನಿಂಬೆಹಣ್ಣಿನ ದೀಪದವರ ಸಾಲಿನಲ್ಲಿ ಸಿಗುತ್ತಾರೆ. ಬನಶಂಕರಿ ದೇವಾಂಗ ನೇಕಾರರ ಕುಲದೇವತೆ. ದೇವಲ ಮಹರ್ಷಿ ವಿಷ್ಣುವಿನ ನಾಭಿಕಮಲದ ನಾಳದಿಂದ ಎಳೆ ತಂದು ಮೊದಲ ಬಟ್ಟೆ ನೇಯ್ದನೆಂದು ಆ ಕುಲದ ಪುರಾಣ. ಗಿಡದ ನಾರಿಗೆ ಇದಕ್ಕಿಂತ ದೊಡ್ಡ ವಂಶಾವಳಿ ಬೇಕೆ?

ಇತಿಹಾಸವೆಂದು ನನಗೆ ದಕ್ಕಿದ್ದು ಅಜ್ಜಿಯ ಮಾತಷ್ಟೇ. ಜಯನಗರ ಬಡಾವಣೆ 1948ರಲ್ಲೇ ಶುರುವಾಗಿದ್ದರೂ, ತವರು ಸಿದ್ದಾಪುರದ ಸುತ್ತ ತಾನು ಹುಡುಗಿಯಾಗಿದ್ದಾಗ ಹೂವಿನ ತೋಟವಿತ್ತು, ಬದುವಿನಲ್ಲಿ ಬಾಳೆ, ಬೇಲಿಗೆ ಕತ್ತಾಳೆ ಇತ್ತು ಎನ್ನುತ್ತಾರೆ. ಕತ್ತಾಳೆಯನ್ನು ಕೆರೆಯಲ್ಲಿ ವಾರಗಟ್ಟಲೆ ಕೊಳೆಹಾಕಿ, ಕಲ್ಲಿಗೆ ಬಡಿದು, ದನದ ಹಗ್ಗ ಹೊಸೆಯುತ್ತಿದ್ದರಂತೆ. ಈಗ ಯಡಿಯೂರು, ಸಾರಕ್ಕಿ ಕೆರೆಗಳಿಗೆ ಬೇಲಿ ಇದೆ, ಸುತ್ತ ವಾಕಿಂಗ್ ದಾರಿ ಇದೆ. ಅಲ್ಲಿ ಕತ್ತಾಳೆ ನೆನೆಹಾಕಲು ಹೋದರೆ ದಂಡ ಕಟ್ಟಿಸಿಕೊಂಡಾರು.

ಅಜ್ಜಿಯ ಸೊಸೆಯೂ ಹೂ ಕಟ್ಟುತ್ತಾಳೆ, ನೂಲಿನಲ್ಲಿ. ನೂಲಾದರೆ ಕೈ ಬೇಗ ಓಡುತ್ತದೆ, ಕರೆ ಅಂಟುವುದಿಲ್ಲ. ಅವಳದ್ದು ತಪ್ಪೆನ್ನಲಾರೆ, ಗಿರಾಕಿಗಳು ನಾರಿಗೆಂದು ಒಂದು ರೂಪಾಯಿ ಹೆಚ್ಚಿಗೆ ಕೊಡುವುದಿಲ್ಲ. ಆದರೆ ಬಾಡಿದ ಮೇಲೆ ನಾರು ಹೂವಿನ ಜೊತೆಗೇ ಗೊಬ್ಬರವಾಗುತ್ತದೆ. ನೂಲಿನ ಬದಲು ನೈಲಾನ್ ದಾರವಾದರೆ ಹಾಗಲ್ಲ, ಪಾರಿವಾಳದ ಕಾಲಿಗೋ ದನದ ಹೊಟ್ಟೆಗೋ ಸೇರುತ್ತದೆ.

ಅಜ್ಜಿಗಿರುವ ದೊಡ್ಡ ತಕರಾರು ಬೇರೆಯೇ. ಲಾರಿಗೆ ತುಂಬಲು ಸುಲಭವೆಂದು ಛತ್ರದವರು ಕಂಬಗಳನ್ನು ರಾತ್ರಿಯೇ ಕೊಚ್ಚಿಹಾಕುತ್ತಾರೆ. ಮೊಳದುದ್ದದ ತುಂಡಿನಿಂದ ನಾರು ತೆಗೆದು ಪ್ರಯೋಜನವಿಲ್ಲ. ಮನೆಯಲ್ಲಿ ಮದುವೆ ಇಟ್ಟುಕೊಂಡವರು ಛತ್ರ ಖಾಲಿ ಮಾಡುವಾಗ ಒಂದು ಮಾತು ಹೇಳಿ ಹೋಗಿ: ಬಾಳೆಕಂಬ ಕೊಚ್ಚಬೇಡಿ, ಇಡಿಯಾಗಿ ಗೇಟಿನ ಪಕ್ಕ ಒರಗಿಸಿಡಿ.