ತೇಗದ ಕಂಬದೊಳಗಿನ ಮಳೆ

ಮರ ಪ್ರತಿ ವರ್ಷ ತೊಗಟೆಯ ಒಳಮಗ್ಗುಲಲ್ಲಿ ಒಂದು ಸುತ್ತು ಹೊಸದಾಗಿ ಬಲಿಯುತ್ತದೆ. ಕಾಂಡವನ್ನು ಅಡ್ಡಕ್ಕೆ ಕೊಯ್ದಾಗ ಕಾಣುವ ಉಂಗುರಗಳು ಈ ಸುತ್ತುಗಳೇ. ಉಂಗುರ ಅಗಲವೋ ಸಪೂರವೋ ಎನ್ನುವುದು ಆ ನೆಲದಲ್ಲಿ ಯಾವುದಕ್ಕೆ ಕೊರತೆ ಎಂಬುದರ ಮೇಲೆ ನಿಂತಿದೆ. ಸೈಬೀರಿಯ, ಸ್ಕ್ಯಾಂಡಿನೇವಿಯದಂಥ ಚಳಿ ಸೀಮೆಯಲ್ಲಿ ಕೊರತೆಯಿರುವುದು ಬೇಸಿಗೆಯ ಬಿಸಿಗೆ. 1600ರಲ್ಲಿ ಪೆರುವಿನ ವಾಯ್ನಾಪುಟೀನಾ ಜ್ವಾಲಾಮುಖಿ ಸಿಡಿದು, ಮರುವರ್ಷದ ಬೇಸಿಗೆ ಬೆಚ್ಚಗಾಗಲೇ ಇಲ್ಲ ಎಂಬುದು ಗೊತ್ತಾದದ್ದು ಉತ್ತರದ ಮರಗಳ 1601ರ ಉಂಗುರಗಳಿಂದ. ದಕ್ಷಿಣ ಭಾರತದಲ್ಲಿ ಬಿಸಿಲಿಗೇನು ಬರ? ಇಲ್ಲಿನ ಉಂಗುರಗಳಲ್ಲಿರುವುದು ಮಳೆಯ ಲೆಕ್ಕ.

ಎಲ್ಲ ಮರಗಳೂ ಈ ಲೆಕ್ಕ ಇಡುವುದಿಲ್ಲ. ಚೆನ್ನೈನ ಪುರಸೈವಾಕ್ಕಂಗೆ ಹೆಸರು ಬಂದದ್ದು ಪುರಸೈ ಮರದಿಂದ, ಅಂದರೆ ನಮ್ಮ ಮುತ್ತುಗದಿಂದ. ಅಲ್ಲಿನ ಗಂಗಾಧರೇಶ್ವರ ದೇವಸ್ಥಾನದ ಸ್ಥಳವೃಕ್ಷವೂ ಅದೇ. ಆದರೆ ಮುತ್ತುಗದಲ್ಲಿ ವರ್ಷದ ಗೆರೆ ಸ್ಪಷ್ಟವಾಗಿ ಮೂಡುವುದಿಲ್ಲ. ಈ ಕೆಲಸಕ್ಕೆ ದಕ್ಷಿಣದಲ್ಲಿ ಒದಗಿ ಬಂದ ಮರ ತೇಗ. ಒಣಗಾಲದಲ್ಲಿ ಎಲೆ ಉದುರಿಸಿ ಬೆಳವಣಿಗೆ ನಿಲ್ಲಿಸುವ ತೇಗ, ಮತ್ತೆ ಚಿಗುರುವಾಗ ದಪ್ಪ ನೀರ್ನಾಳಗಳ ಒಂದು ಸಾಲು ಕಟ್ಟುತ್ತದೆ. ನುಣ್ಣಗೆ ಕೊಯ್ದ ಅಡ್ಡಮುಖದಲ್ಲಿ ಆ ಸಾಲು ಸೂಜಿ ಚುಚ್ಚಿದ ತೂತುಗಳಂತೆ ಬರಿಗಣ್ಣಿಗೇ ಕಾಣುತ್ತದೆ. ಒಂದು ಸಾಲಿನಿಂದ ಮುಂದಿನ ಸಾಲಿಗೆ ಒಂದು ವರ್ಷ.

ಮಾದರಿಗಾಗಿ ಮರ ಕಡಿಯಬೇಕಾಗಿಲ್ಲ. ಟೊಳ್ಳು ಬೈರಿಗೆಯನ್ನು ಎದೆಯ ಎತ್ತರದಲ್ಲಿ ತಿರುವಿ, ಪೆನ್ಸಿಲ್‌ಗಿಂತ ತೆಳ್ಳನೆಯ ಕಡ್ಡಿಯೊಂದನ್ನು ಹೊರಗೆಳೆಯುತ್ತಾರೆ. ಅದನ್ನು ಪಟ್ಟಿಗೆ ಅಂಟಿಸಿ, ಮರಳುಕಾಗದದಿಂದ ಕನ್ನಡಿಯಂತೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗೆ ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಅಳೆಯುತ್ತಾರೆ. ಬರೀ ಎಣಿಸಿದರೆ ಮೋಸವಾಗುತ್ತದೆ. ಕಡು ಬರದ ವರ್ಷ ಉಂಗುರವೇ ಕಟ್ಟದಿರಬಹುದು; ನಡುವೆ ಮಳೆ ಕೈಕೊಟ್ಟು ಮತ್ತೆ ಬಂದರೆ ಒಂದೇ ವರ್ಷಕ್ಕೆ ಎರಡು ಗೆರೆ ಬೀಳಬಹುದು. ಅದಕ್ಕೇ ಹಲವು ಮರಗಳ ಅಗಲ-ಸಪೂರದ ಓಟವನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡುತ್ತಾರೆ. ಈ ಉಪಾಯವನ್ನು ಶಾಸ್ತ್ರವಾಗಿ ಬೆಳೆಸಿದವನು ಸಸ್ಯವಿಜ್ಞಾನಿಯಲ್ಲ, ಖಗೋಳಜ್ಞ. ಸೂರ್ಯನ ಕಲೆಗಳ ಜಾಡನ್ನು ಮರಗಳಲ್ಲಿ ಹುಡುಕಹೊರಟ ಎ. ಇ. ಡಗ್ಲಸ್, 1937ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಪ್ರಯೋಗಾಲಯ ತೆರೆದ.

ಉಂಗುರದ ಅಗಲವನ್ನು ಮಳೆಯ ಭಾಷೆಗೆ ತರಲು ಅಳೆದಿಟ್ಟ ಮಳೆಯ ಲೆಕ್ಕವೂ ಬೇಕು. ಆ ಮಟ್ಟಿಗೆ ಮದರಾಸು ಅನುಕೂಲಸ್ಥ. ಪುರಸೈವಾಕ್ಕಂನಿಂದ ಕೂವಂ ನದಿ ದಾಟಿದರೆ ಸಿಗುವ ನುಂಗಂಬಾಕ್ಕಂನಲ್ಲಿ 1792ರಲ್ಲೇ ವೀಕ್ಷಣಾಲಯ ಕಟ್ಟಿದ್ದರು. ಮದರಾಸಿನ ಮಳೆಯ ಲೆಕ್ಕ 1813ರಿಂದ ಸಿಗುತ್ತದೆ. ಭಾರತದ ಬೇರೆ ಊರುಗಳಲ್ಲಿ ಇಷ್ಟು ಹಳೆಯದು ಅಪರೂಪ. ಅದಕ್ಕೂ ಹಿಂದಿನದಕ್ಕೆ ಮರವನ್ನೇ ಕೇಳಬೇಕು.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಎಚ್. ಪಿ. ಬೋರ್ಗಾಂವ್ಕರ್ ಮತ್ತು ಸಂಗಡಿಗರು ಕೇರಳದ ತೇಗಗಳಿಂದ 1481ರಿಂದ 2003ರವರೆಗಿನ 523 ವರ್ಷಗಳ ಸರಣಿ ಕಟ್ಟಿ 2010ರಲ್ಲಿ ಪ್ರಕಟಿಸಿದರು. ಮುಂಗಾರು ಸೋತ ವರ್ಷಗಳಲ್ಲಿ, ಅದರಲ್ಲೂ ಎಲ್ ನಿನೊ ವರ್ಷಗಳಲ್ಲಿ, ಉಂಗುರ ಸಪೂರವಾಗಿರುವುದು ಅದರಲ್ಲಿ ಕಂಡಿತು. ಪಶ್ಚಿಮ ಘಟ್ಟದ ತೇಗದಲ್ಲಿ ಬರದ ವರ್ಷಗಳನ್ನು ಗುರುತಿಸುವ ಕೆಲಸ ಬೆಂಗಳೂರಿನ ಮರವಿಜ್ಞಾನ ಸಂಸ್ಥೆಯಲ್ಲೂ ನಡೆದಿದೆ. ಅದೇ 2010ರಲ್ಲಿ ಏಷ್ಯದ ಮುನ್ನೂರಕ್ಕೂ ಹೆಚ್ಚು ಉಂಗುರ ಸರಣಿಗಳನ್ನು ಜೋಡಿಸಿ, ಎಡ್ವರ್ಡ್ ಕುಕ್ ಮತ್ತು ಸಂಗಡಿಗರು ಏಳು ಶತಮಾನಗಳ ಬರದ ನಕಾಶೆಗಳನ್ನು ಹೊರತಂದರು. ಅದರಲ್ಲಿ 1876–78 ಎದ್ದು ಕಾಣುತ್ತದೆ. ಹಳೇ ಮೈಸೂರಿನ ಮಂದಿ ಧಾತು–ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದುದು ಇದನ್ನೇ. ತಮಿಳರಿಗೆ ಅದು ಧಾತು ವರ್ಷದ ಪಂಜಂ. ಮದರಾಸಿನ ಬಕಿಂಗ್‌ಹ್ಯಾಂ ಕಾಲುವೆಯಲ್ಲಿ ಅಡ್ಯಾರಿನಿಂದ ಕೂವಂವರೆಗಿನ ತುಂಡನ್ನು ತೋಡಿದ್ದು ಆ ಬರಗಾಲದ ಕೂಲಿಗಳು.

ಇಷ್ಟಾದರೂ ಚೆನ್ನೈನ ಮಳೆ ಪೂರ್ತಿ ಕೈಗೆ ಸಿಕ್ಕಿಲ್ಲ. ಕೇರಳದ ತೇಗ ಮುಖ್ಯವಾಗಿ ಮುಂಗಾರು ಕುಡಿದು ಬೆಳೆದದ್ದು. ಚೆನ್ನೈಗೆ ಹೆಚ್ಚಿನ ನೀರು ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. ಅಗಲದ ಅಳತೆ ಎರಡನ್ನೂ ಬಿಡಿಸಿ ಹೇಳದು. ಹಾಗಾಗಿ ಒಂದೇ ಉಂಗುರವನ್ನು ಎಳೆ ಎಳೆಯಾಗಿ ಸೀಳಿ, ಅದರ ಸೆಲ್ಯುಲೋಸಿನಲ್ಲಿ ಭಾರದ ಆಮ್ಲಜನಕ ಎಷ್ಟಿದೆ ಎಂದು ನೋಡುವ ದಾರಿ ಹಿಡಿದಿದ್ದಾರೆ. ಎರಡು ಮಳೆಗಾಲಗಳ ನೀರಿನಲ್ಲಿ ಅದರ ಪ್ರಮಾಣ ಬೇರೆ ಬೇರೆ.

ಇನ್ನು ಪುರಸೈವಾಕ್ಕಂನಂಥ ಹಳೇ ಬಡಾವಣೆಯ ಮನೆಗಳಲ್ಲಿರುವ ಬರ್ಮಾ ತೇಗದ ಕಂಬಗಳ ವಿಷಯ. ನೂರಾರು ಉಂಗುರಗಳಿದ್ದರೂ ಅವು ಮದರಾಸಿನ ಮಳೆಯ ಮಾತಾಡುವುದಿಲ್ಲ. ಹಡಗೇರುವ ಮುಂಚೆ ಅವು ಕುಡಿದದ್ದು ಬರ್ಮಾದ ಮಳೆಯನ್ನು. ಅವುಗಳ ವರ್ಷ ಹಚ್ಚಬೇಕಾದರೆ ತಾಳೆ ನೋಡಬೇಕಾದದ್ದು ಮ್ಯಾನ್ಮಾರಿನ ತೇಗದ ಸರಣಿಗಳ ಜೊತೆ. ಅಷ್ಟು ಮಾಡಿದರೂ ಮರ ಬಿದ್ದ ವರ್ಷ ನಿಖರವಾಗಿ ಸಿಗುವುದು ಕಷ್ಟ. ಹುಳ ಹಿಡಿಯುತ್ತದೆಂದು ಬಡಗಿ ಹೊರಗಿನ ಬಿಳಿಮರವನ್ನೆಲ್ಲ ಕೆತ್ತಿ ಬಿಸುಟು ಚೇಗನ್ನಷ್ಟೇ ಉಳಿಸಿಕೊಂಡಿರುತ್ತಾನೆ. ಕೊನೆಯ ವರ್ಷಗಳ ಉಂಗುರಗಳು ಹೋದದ್ದು ಆ ಚಕ್ಕೆಗಳ ಜೊತೆ.