ಶಲ್ಗಮ್ ಬಿತ್ತಲು ಸರಿಯಾದ ಕಾಲ ಯಾವುದು?

ಮಾಂಸದ ಸಾರಿಗೆ ನಾಲ್ಕು ಹೋಳು ಶಲ್ಗಮ್ ಹಾಕಿದರೆ ಅದರ ರುಚಿಯೇ ಬೇರೆ. ಅಂಗಡಿಯವರು ಟರ್ನಿಪ್ ಎನ್ನುವುದು ಇದನ್ನೇ. ಮಂಚಿಕೇರಿಯಂತಹ ಊರುಗಳಲ್ಲಿ ಇದು ಮೂಲಂಗಿಯಷ್ಟು ಸುಲಭವಾಗಿ ಸಿಗುವುದಿಲ್ಲ. ಹಿತ್ತಿಲಲ್ಲಿ ಎರಡು ಮಡಿ ಜಾಗವಿದ್ದರೆ ನೀವೇ ಬೆಳೆಯಬಹುದು. ಆದರೆ ಬಿತ್ತುವ ಕಾಲ ತಪ್ಪಿದರೆ ಬೀಜವೂ ಶ್ರಮವೂ ವ್ಯರ್ಥ.

ಶಲ್ಗಮ್ ತಂಪನ್ನು ಬಯಸುವ ಬೆಳೆ. ಮಳೆಗಾಲದಲ್ಲಿ ಬಿತ್ತಿದರೆ ಬೀಜ ಮಣ್ಣಿನಲ್ಲೇ ಕೊಳೆಯುತ್ತದೆ. ತಡಮಾಡಿದರೆ ಗಡ್ಡೆ ಬಲಿಯುವ ಹೊತ್ತಿಗೆ ಬಿಸಿಲೇರಿ, ಗಡ್ಡೆ ನಾರಾಗಿ ಕಹಿಯಾಗುತ್ತದೆ.

‘ಹೋದ ವರ್ಷ ಇಂಥ ಹಬ್ಬದ ಮರುವಾರ ಬಿತ್ತಿದ್ದೆವು’ ಎಂಬ ನೆನಪನ್ನು ನಂಬಬೇಡಿ. ಹಿಜರಿ ವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಮೂರು ವರ್ಷಗಳಲ್ಲಿ ಹಬ್ಬಗಳು ಒಂದು ತಿಂಗಳಷ್ಟು ಹಿಂದಕ್ಕೆ ಸರಿಯುತ್ತವೆ, ಆದರೆ ಮಳೆಗಾಲ ಸರಿಯುವುದಿಲ್ಲ. ರೈತರು ಹೇಳುವ ಹಸ್ತಾ, ಚಿತ್ತಾ ಮಳೆಗಳ ಲೆಕ್ಕವೇ ಇಲ್ಲಿ ಉಪಯುಕ್ತ. ನಮ್ಮ ಮಲೆನಾಡಿನಲ್ಲಿ ಚಿತ್ತಾ ಮಳೆ ಹಿಡಿತ ಸಡಿಲಿಸುವ ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗೆ ಬಿತ್ತಬಹುದು.

ದಿನ ನಿರ್ಧರಿಸುವ ಮುನ್ನ ಮಣ್ಣನ್ನೇ ಕೇಳಿ. ಒಂದು ಹಿಡಿ ಮಣ್ಣನ್ನು ಒತ್ತಿ ಉಂಡೆ ಮಾಡಿ, ಬೆರಳಿನಿಂದ ತಟ್ಟಿ. ಉಂಡೆ ಪುಡಿಯಾದರೆ ಬಿತ್ತಬಹುದು. ಅಂಟಿಕೊಂಡೇ ಇದ್ದರೆ ಇನ್ನೂ ಕೆಲವು ದಿನ ಕಾಯಿರಿ.

ದಿನಕ್ಕೆ ಕನಿಷ್ಠ ಐದಾರು ಗಂಟೆ ಬಿಸಿಲು ಬೀಳುವ ಜಾಗ ಆರಿಸಿ, ಅಡಿಕೆ ಮರದ ನೆರಳು ಬೇಡ. ನೀರು ನಿಲ್ಲದಂತೆ ಮಡಿಯನ್ನು ಎತ್ತರಿಸಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ. ಹಸಿ ಸಗಣಿಯಿಂದ ಗಡ್ಡೆ ಕವಲೊಡೆಯುತ್ತದೆ, ಸೊಪ್ಪಿಗೆ ರೋಗಾಣುಗಳೂ ತಗಲಬಹುದು. ಬೀಜವನ್ನು ಒಂದು ಸೆಂಟಿಮೀಟರ್ ಆಳದಲ್ಲಿ, ಸಾಲುಗಳ ನಡುವೆ ಒಂದು ಅಡಿ ಬಿಟ್ಟು ಬಿತ್ತಿ. ಸಸಿ ಕಿತ್ತು ಬೇರೆಡೆ ನೆಡಬೇಡಿ. ಸಸಿಗಳು ಬೆರಳುದ್ದ ಬೆಳೆದಾಗ 10 ಸೆಂ.ಮೀ.ಗೆ ಒಂದರಂತೆ ಉಳಿಸಿ, ಕಿತ್ತವನ್ನು ಪಲ್ಯಕ್ಕೆ ಬಳಸಿ.

ತಳಿಯನ್ನೂ ವಿಚಾರಿಸಿ ಕೊಳ್ಳಿ. ಪೂಸಾ ಸ್ವೇತಿ 40-45 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ, ಸ್ವಲ್ಪ ಸೆಕೆಯನ್ನೂ ತಾಳುತ್ತದೆ. ಪರ್ಪಲ್ ಟಾಪ್ ಜಾತಿಗೆ ಸುಮಾರು ಎರಡು ತಿಂಗಳು ಬೇಕು. ಎಲ್ಲ ಬೀಜವನ್ನೂ ಒಮ್ಮೆಗೇ ಬಿತ್ತದೆ, 15 ದಿನಕ್ಕೊಂದು ಸಾಲಿನಂತೆ ಬಿತ್ತಿ. ಆಗ ಅಕಾಲ ಮಳೆ ಬಂದು ಒಂದು ಸಾಲು ಹಾಳಾದರೂ ಇನ್ನೊಂದು ಉಳಿಯುತ್ತದೆ. ಗಡ್ಡೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದಾಗ ಕಿತ್ತರೆ ಮೃದುವಾಗಿ, ಸಿಹಿಯಾಗಿರುತ್ತದೆ.

ಮಳೆ ನಿಂತ ಮೇಲೆ ನೀರು ಬೇಕಲ್ಲವೇ? ವುಝೂ ಮಾಡಿದ ನೀರನ್ನು ಬಕೆಟ್‌ನಲ್ಲಿ ಹಿಡಿದು ಬುಡಕ್ಕೆ ಹಾಕಿ, ಎಲೆಯ ಮೇಲೆ ಬೇಡ. ಸೋಪು ಬೆರೆತ ಪಾತ್ರೆ ತೊಳೆದ ನೀರನ್ನು ಇದಕ್ಕೆ ಬಳಸಬೇಡಿ.

100 ಗ್ರಾಂ ಹಸಿ ಗಡ್ಡೆಯಲ್ಲಿ ಸುಮಾರು 28 ಕ್ಯಾಲರಿ ಹಾಗೂ 21 ಮಿಲಿಗ್ರಾಂ ವಿಟಮಿನ್ ‘ಸಿ’ ಇರುತ್ತದೆ. ಬೇಯಿಸಿದರೆ ವಿಟಮಿನ್ ಸ್ವಲ್ಪ ಕಡಿಮೆಯಾಗುತ್ತದೆ. ಸೊಪ್ಪನ್ನು ಎಸೆಯಬೇಡಿ, ಅದರಲ್ಲಿ ಕ್ಯಾಲ್ಸಿಯಂ ಮತ್ತು ‘ಎ’, ‘ಕೆ’ ವಿಟಮಿನ್‌ಗಳು ಗಡ್ಡೆಗಿಂತಲೂ ಹೆಚ್ಚು. ಎರಡು ಮೂರು ಬಾರಿ ತೊಳೆದು, ಬೇಯಿಸಿ ತಿನ್ನಿ. ಥೈರಾಯ್ಡ್ ತೊಂದರೆ ಇರುವವರು ಹಸಿ ಗಡ್ಡೆಯನ್ನು ಹೆಚ್ಚು ತಿನ್ನಬಾರದು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಬಗ್ಗೆ ವೈದ್ಯರನ್ನು ಕೇಳಲಿ.

ಈ ವರ್ಷ ಬಿತ್ತಿದ ದಿನ, ಕೊನೆಯ ಮಳೆ ಬಿದ್ದ ದಿನ, ಕಿತ್ತ ದಿನ ಈ ಮೂರನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ವರ್ಷ ನಿಮ್ಮ ಹಿತ್ತಿಲಿಗೆ ಅದೇ ಒಳ್ಳೆಯ ಸಲಹೆಗಾರ.